ಕೊಟ್ಟವರಿಗೆ ಒಪ್ಪಿಸಬೇಕಾದ ಲೆಕ್ಕ



ಯುಗಾದಿಯ ಬೇವುಬೆಲ್ಲ ಮುಗಿದು ಬಸವ ಜಯಂತಿಯ ಸಿದ್ಧತೆಗಳು ಆರಂಭವಾಗುವ ದಿನಗಳಲ್ಲಿಯೇ ಬೆಂಗಳೂರಿನ ಗೃಹಸ್ಥರಿಗೆ ಮತ್ತೊಂದು ಕರ್ತವ್ಯವೂ ಒದಗಿಬರುತ್ತದೆ. ಅದು ಆಸ್ತಿ ತೆರಿಗೆಯ ಸಂದಾಯ. ಏಪ್ರಿಲ್ ಮುಗಿಯುವುದರೊಳಗೆ ವರ್ಷದ ತೆರಿಗೆಯನ್ನು ಪೂರ್ತಿಯಾಗಿ ಕಟ್ಟಿದವರಿಗೆ ಶೇಕಡಾ 5ರ ರಿಯಾಯಿತಿ ನೀಡುವ ಪದ್ಧತಿಯನ್ನು ಮಹಾನಗರ ಪಾಲಿಕೆಯು ಬಹುಕಾಲ ನಡೆಸಿಕೊಂಡು ಬಂದಿತು. 2025ರಲ್ಲಂತೂ ಬಸವ ಜಯಂತಿಯು ಏಪ್ರಿಲ್ 30ರಂದೇ ಬಂದಿತ್ತು. ಕಲ್ಯಾಣದ ಭಂಡಾರವನ್ನು ಕಾದ ಮಹಾಪುರುಷನ ಜನ್ಮದಿನವೂ ಊರಿನ ಭಂಡಾರಕ್ಕೆ ನಮ್ಮ ಪಾಲನ್ನು ಸಲ್ಲಿಸುವ ಗಡುವೂ ಹೀಗೆ ಒಂದೇ ದಿನ ಕೂಡಿಬಂದದ್ದು ಆಕಸ್ಮಿಕವಾದರೂ ನಮಗೆ ಅರ್ಥಪೂರ್ಣವಾಗಿ ಕಂಡಿತು.

ಆ ಜಯಂತಿಗೆ ಕೆಲವು ದಿನಗಳ ಮುಂಚೆ ಗೊರಗುಂಟೆಪಾಳ್ಯದ ಭಕ್ತರೊಬ್ಬರ ಮನೆಯಲ್ಲಿ ಶಿವಾನುಭವ ಗೋಷ್ಠಿ ಏರ್ಪಟ್ಟಿತ್ತು. ಪ್ರಾರ್ಥನೆ, ಚಿಂತನೆಗಳು ಮುಗಿದು ಪ್ರಸಾದಕ್ಕೆ ಕುಳಿತಾಗ ಆ ಮನೆಯ ತಾಯಿಯವರು ಅಂದೇ ಕಟ್ಟಿದ ತೆರಿಗೆಯ ರಸೀದಿಯನ್ನು ತಂದು ನಮ್ಮ ಮುಂದಿಟ್ಟರು. ಮನೆಯ ಹಾಲಿನ ಲೆಕ್ಕದಿಂದ ಮಕ್ಕಳ ಶಾಲಾ ಶುಲ್ಕದವರೆಗೆ ಮೂವತ್ತು ವರ್ಷಗಳಿಂದ ತಪ್ಪದೆ ಬರೆದಿಟ್ಟುಕೊಂಡು ಬಂದವರು ಅವರು. ರಸೀದಿಯಲ್ಲಿ ಮೂಲ ತೆರಿಗೆಯ ಕೆಳಗಿದ್ದ ‘ಉಪಕರ’ ಎಂಬ ಸಾಲನ್ನು ಬೆರಳಿನಿಂದ ತೋರಿಸಿ, “ಈ ಹಣ ಯಾರಿಗೆ ಸೇರುತ್ತದೆ? ಸೇರಿತೆಂದು ನಮಗೆ ತಿಳಿಸುವವರು ಯಾರು?” ಎಂದು ಕೇಳಿದರು. ಅವರ ಮಗ ನಕ್ಕು, “ಅಮ್ಮ, ಕಟ್ಟುವುದಷ್ಟೇ ನಮ್ಮ ಕೆಲಸ. ಅದನ್ನೆಲ್ಲ ಯಾರೂ ಹೇಳುವುದಿಲ್ಲ, ಕೇಳುವುದೂ ಇಲ್ಲ” ಎಂದರು. ತಾಯಿಯವರ ಪ್ರಶ್ನೆಗಿಂತಲೂ ಮಗನ ಉತ್ತರವೇ ನಮ್ಮನ್ನು ಹೆಚ್ಚು ಕಾಡಿತು. ಈ ತಿಂಗಳ ಅಂಕಣವು ಆ ಉತ್ತರವನ್ನು ಕುರಿತದ್ದು.

ಮೊದಲು ತಾಯಿಯವರ ಪ್ರಶ್ನೆಗೆ ಬರೋಣ. ಮೂಲ ತೆರಿಗೆಯ ಮೇಲೆ ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಪುನರ್ವಸತಿ ಮೊದಲಾದ ಉದ್ದೇಶಗಳಿಗಾಗಿ ಉಪಕರವನ್ನು ವಸೂಲಿ ಮಾಡಲಾಗುತ್ತದೆ. ಗ್ರಂಥಾಲಯಕ್ಕೆಂದು ನೂರು ರೂಪಾಯಿ ತೆರಿಗೆಗೆ ಆರು ರೂಪಾಯಿ. ಇದಕ್ಕೆ ಆಧಾರ 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ. ಈ ಹಣವು ಪಾಲಿಕೆಯ ಸ್ವಂತದ್ದಲ್ಲ. ಗ್ರಂಥಾಲಯದ ಪರವಾಗಿ ಪಾಲಿಕೆಯು ಅದನ್ನು ಸಂಗ್ರಹಿಸಿ ದಾಟಿಸಬೇಕಾದ ಮಧ್ಯವರ್ತಿ ಮಾತ್ರ. ಜಾತ್ರೆಯಲ್ಲಿ ದಾಸೋಹಕ್ಕೆಂದು ಭಕ್ತರು ಕೊಟ್ಟ ಅಕ್ಕಿಯನ್ನು ರಥದ ಬಣ್ಣಕ್ಕಾಗಿ ಮಾರಲಾಗದು ಎಂಬುದು ನಮಗೆಲ್ಲ ತಿಳಿದ ನಿಯಮವಷ್ಟೆ? ಆದರೆ ಬೆಂಗಳೂರಿನಲ್ಲಿ ಗ್ರಂಥಾಲಯದ ಉಪಕರವು ಕಾಲಕಾಲಕ್ಕೆ ಸಂದಾಯವಾಗದೆ ಕೋಟ್ಯಂತರ ರೂಪಾಯಿ ಬಾಕಿ ಉಳಿದ ಸಂಗತಿಯು ಪತ್ರಿಕೆಗಳಲ್ಲಿ ಅನೇಕ ಸಲ ಪ್ರಕಟವಾಗಿದೆ. ರಸೀದಿಯಲ್ಲಿ ಒಂದು ಸಾಲಿದೆ ಎಂದ ಮಾತ್ರಕ್ಕೆ ಹಣವು ಆ ಸಾಲಿನ ಉದ್ದೇಶವನ್ನು ತಲುಪಿತೆಂದು ತಿಳಿಯುವಂತಿಲ್ಲ. ತಲುಪಿತೆಂಬುದನ್ನು ಹೇಳಬೇಕಾದುದು ಲೆಕ್ಕಪತ್ರ.

ಇಲ್ಲಿ ಎರಡು ಮಾತುಗಳ ಅಂತರವನ್ನು ನಾವು ಮನಗಾಣಬೇಕು. ಒಂದು ಆಯವ್ಯಯ, ಮತ್ತೊಂದು ಲೆಕ್ಕಪತ್ರ. ಆಯವ್ಯಯವು ಮುಂದಿನ ವರ್ಷ ಹೀಗೆ ಮಾಡುತ್ತೇವೆಂಬ ಸಂಕಲ್ಪ. ಲೆಕ್ಕಪತ್ರವು ಹಿಂದಿನ ವರ್ಷ ಹೀಗೆ ಮಾಡಿದೆವೆಂಬ ಸಾಕ್ಷಿ. 2025-26ನೆಯ ಸಾಲಿಗೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಮಂಡಿಸಿದ ಆಯವ್ಯಯದ ಗಾತ್ರ 19,927 ಕೋಟಿ ರೂಪಾಯಿ. ಅದರ ಹಿಂದಿನ ವರ್ಷದ್ದು 12,369 ಕೋಟಿ. ಈ ಅಂಕಿಗಳು ಮರುದಿನದ ಪತ್ರಿಕೆಗಳ ಮುಖಪುಟದಲ್ಲಿ ದೊಡ್ಡ ಅಕ್ಷರಗಳಲ್ಲಿ ಬಂದವು. ಆದರೆ ಸಂಕಲ್ಪ ಮಾಡಿದ ಹಣದಲ್ಲಿ ಎಷ್ಟು ಬಂದಿತು, ಬಂದದ್ದರಲ್ಲಿ ಎಷ್ಟು ವ್ಯಯವಾಯಿತು, ವ್ಯಯವಾದುದು ಹೇಳಿದ ಕಾರ್ಯಕ್ಕೇ ಆಯಿತೆ ಎಂಬ ವಿವರಗಳು ಮುಖಪುಟಕ್ಕೆ ಬರುವುದು ಅಪರೂಪ. ಲಗ್ನಪತ್ರಿಕೆಯನ್ನು ಊರಿಗೆಲ್ಲ ಹಂಚಿ, ಮದುವೆ ನಡೆಯಿತೋ ಇಲ್ಲವೋ ಎಂಬುದನ್ನು ಯಾರಿಗೂ ತಿಳಿಸದೆ ಇದ್ದಂತೆ ಇದು.

ಗೊರಗುಂಟೆಪಾಳ್ಯದ ನಿವಾಸಿಗಳಿಗೆ ಇನ್ನೊಂದು ತೊಡಕೂ ಇದೆ. ಹೆಸರಿನಲ್ಲಿ ಇನ್ನೂ ‘ಪಾಳ್ಯ’ವೆಂಬ ಹಳ್ಳಿಯ ನೆನಪನ್ನು ಇಟ್ಟುಕೊಂಡಿರುವ ಈ ಸ್ಥಳವು ಇಂದು ತುಮಕೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಸೇರುವ ಮಹಾಸಂಗಮ. ಸಿದ್ಧಗಂಗೆಗೆ ಹೊರಟ ಭಕ್ತರು, ಉತ್ತರ ಕರ್ನಾಟಕದ ಬಸ್ಸಿಗಾಗಿ ಗಂಟುಮೂಟೆಯೊಡನೆ ನಿಂತ ಕುಟುಂಬಗಳು, ಪೀಣ್ಯದ ಕಾರ್ಖಾನೆಗಳಿಗೆ ಹೋಗುವ ಕಾಯಕಜೀವಿಗಳು ಇಲ್ಲಿ ನಿತ್ಯವೂ ಕಲೆಯುತ್ತಾರೆ. ಇಲ್ಲಿಂದ ನೆಲಮಂಗಲದ ಕಡೆಗೆ ಸಾಗುವ, ಡಾ. ಶಿವಕುಮಾರ ಮಹಾಸ್ವಾಮಿಗಳವರ ಹೆಸರನ್ನು ಹೊತ್ತ ಮೇಲ್ಸೇತುವೆಯು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರಕ್ಕೆ ಸೇರಿದ್ದು. ಹೊರವರ್ತುಲ ರಸ್ತೆಯನ್ನು ನಿರ್ಮಿಸಿದ್ದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ. 2014ರ ಮಾರ್ಚ್‌ನಿಂದ ಓಡುತ್ತಿರುವ ಮೆಟ್ರೋ ರೈಲು ಮತ್ತೊಂದು ನಿಗಮದ್ದು. ನೀರು ಮತ್ತು ಒಳಚರಂಡಿ ಜಲಮಂಡಳಿಯದು, ವಿದ್ಯುತ್ತು ಬೆಸ್ಕಾಂನದು. ಒಳರಸ್ತೆ, ಮಳೆನೀರಿನ ಚರಂಡಿ, ಬೀದಿದೀಪ, ಕಸ ಇವು ಮಾತ್ರ ನಗರಾಡಳಿತದವು. ಆ ಮೇಲ್ಸೇತುವೆಯು ದೋಷ ಕಂಡುಬಂದ ಕಾರಣ 2021ರ ಡಿಸೆಂಬರಿನಲ್ಲಿ ಮುಚ್ಚಲ್ಪಟ್ಟು, 2022ರ ಫೆಬ್ರವರಿಯಲ್ಲಿ ಲಘು ವಾಹನಗಳಿಗೂ 2024ರಲ್ಲಿ ನಿರ್ಬಂಧಗಳೊಡನೆ ಭಾರಿ ವಾಹನಗಳಿಗೂ ತೆರೆಯಿತು. ಆ ದಿನಗಳಲ್ಲಿ ಕೆಳಗಿನ ರಸ್ತೆಯಲ್ಲಿ ಗಂಟೆಗಟ್ಟಲೆ ನಿಂತವರು ಪಾಲಿಕೆಯನ್ನೇ ಶಪಿಸಿದರು. ಯಾವ ಹಣಕ್ಕೆ ಯಾರು ಉತ್ತರವಾದಿಗಳು ಎಂಬುದು ತೆರಿಗೆದಾರರಿಗೆ ತಿಳಿಯದಿದ್ದರೆ ಪ್ರಶ್ನೆಯು ತಪ್ಪು ಬಾಗಿಲನ್ನು ತಟ್ಟುತ್ತದೆ. ಸರಿಯಾದ ಬಾಗಿಲಿನವರು ನಿಶ್ಚಿಂತೆಯಿಂದಿರುತ್ತಾರೆ.

ಇಲ್ಲಿಗೆ ಸಮೀಪದಲ್ಲಿಯೇ ಪೀಣ್ಯದ ಬಸವೇಶ್ವರ ಬಸ್ ನಿಲ್ದಾಣವಿದೆ. ರಸ್ತೆ ಸಾರಿಗೆ ನಿಗಮವು ಸುಮಾರು 40 ಕೋಟಿ ರೂಪಾಯಿಗಳ ವೆಚ್ಚದಲ್ಲಿ ಕಟ್ಟಿದ ಈ ನಿಲ್ದಾಣವು 2014ರಲ್ಲಿ ಆರಂಭಗೊಂಡರೂ ಪ್ರಯಾಣಿಕರ ನಿಲ್ದಾಣವಾಗಿ ಸರಿಯಾಗಿ ಬಳಕೆಯಾಗದೆ ವರ್ಷಗಟ್ಟಲೆ ಉಳಿಯಿತು. ಪ್ರಯಾಣಿಕರು ಮಾತ್ರ ಗೊರಗುಂಟೆಪಾಳ್ಯದ ರಸ್ತೆಯಂಚಿನಲ್ಲಿಯೇ ಬಿಸಿಲು ಮಳೆಗಳಲ್ಲಿ ಬಸ್ಸಿಗಾಗಿ ಕಾಯುತ್ತಿದ್ದರು. ಖರ್ಚಿನ ಪುಸ್ತಕದಲ್ಲಿ ಇಂತಹ ಕಟ್ಟಡದ ಲೆಕ್ಕವು ಪೈಸೆಗೆ ಪೈಸೆ ಕೂಡಿಬರಬಹುದು. ಆದರೆ ಹಣವು ಯಾರಿಗಾಗಿ ವ್ಯಯವಾಯಿತೋ ಅವರಿಗೆ ಅದು ಒದಗಿತೆ ಎಂಬ ಲೆಕ್ಕವು ಬೇರೆಯೇ ಆಗಿರುತ್ತದೆ. ಪೂರ್ಣವಾದ ಲೆಕ್ಕವೆಂದರೆ ಎರಡನ್ನೂ ಹೇಳಬೇಕು.

ಬೆಂಗಳೂರಿನಲ್ಲಿ ಇಂತಹ ಪೂರ್ಣ ಲೆಕ್ಕವನ್ನು ಜನರ ಮುಂದಿಡುವ ಪ್ರಯತ್ನವು ಹಿಂದೊಮ್ಮೆ ನಡೆದದ್ದುಂಟು. 1997ರಲ್ಲಿ ಆಗಿನ ಬೆಂಗಳೂರು ಮಹಾನಗರ ಪಾಲಿಕೆಯು 125 ಕೋಟಿ ರೂಪಾಯಿಗಳ ಸಾಲಪತ್ರಗಳನ್ನು ಹೊರಡಿಸಿತು. ಭಾರತದ ನಗರಾಡಳಿತಗಳಲ್ಲಿ ಇದೇ ಮೊದಲನೆಯದು. 2000ದಲ್ಲಿ ಗೃಹಸ್ಥರೇ ತಮ್ಮ ತೆರಿಗೆಯನ್ನು ಲೆಕ್ಕ ಹಾಕಿ ಘೋಷಿಸುವ ಸ್ವಯಂ ಘೋಷಣಾ ಪದ್ಧತಿ ಬಂದಿತು. ಪ್ರಜೆಗಳನ್ನು ನಂಬಿ ಲೆಕ್ಕ ಕೇಳಿದ ಆಡಳಿತವು ತಾನೂ ಪ್ರಜೆಗಳಿಗೆ ಲೆಕ್ಕ ಕೊಡಬೇಕಾದುದು ನ್ಯಾಯವಷ್ಟೆ? ಅದೇ ಕಾಲದಲ್ಲಿ ಪಾಲಿಕೆಯ ಹಳೆಯ ಒಂಟಿ ನಮೂದಿನ ನಗದು ಪುಸ್ತಕಕ್ಕೆ ಬದಲಾಗಿ ನಿಧಿ ಆಧಾರಿತ ಜೋಡಿ ನಮೂದಿನ ಲೆಕ್ಕಪದ್ಧತಿಯು ಆರಂಭವಾಯಿತು.

ಈ ಮಾತು ಕಠಿಣವೆನಿಸಬಹುದು, ಆದರೆ ವಿಷಯ ಸರಳ. ಮಾರ್ಚಿಯಲ್ಲಿ ಚರಂಡಿ ಕಟ್ಟಿಸಿ ಗುತ್ತಿಗೆದಾರನಿಗೆ ಹಣ ಕೊಡದೆ ಬಾಕಿ ಇಟ್ಟರೆ ನಗದು ಪುಸ್ತಕದಲ್ಲಿ ಆ ಚರಂಡಿಯೂ ಕಾಣುವುದಿಲ್ಲ, ಸಾಲವೂ ಕಾಣುವುದಿಲ್ಲ. ಪೆಟ್ಟಿಗೆಯಲ್ಲಿ ಹಣವಿದೆಯೆಂಬ ಭ್ರಮೆ ಮಾತ್ರ ಉಳಿಯುತ್ತದೆ. ಜೋಡಿ ನಮೂದಿನಲ್ಲಿ ಚರಂಡಿಯು ಆಸ್ತಿಯಾಗಿಯೂ ಕೊಡಬೇಕಾದ ಹಣವು ಹೊಣೆಯಾಗಿಯೂ ದಾಖಲಾಗುತ್ತದೆ. ನಿಧಿ ಆಧಾರಿತವೆಂದರೆ ಯಾವ ಉದ್ದೇಶದ ಹಣವೋ ಅದಕ್ಕೆ ಪ್ರತ್ಯೇಕ ಗಂಟು. ಮನೆಯಲ್ಲಿ ಮಗಳ ಮದುವೆಯ ಹಣವನ್ನೂ ದಿನಸಿಯ ಹಣವನ್ನೂ ಬೇರೆ ಬೇರೆ ಡಬ್ಬಿಗಳಲ್ಲಿ ಇಡುವ ಗೃಹಿಣಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

2002ರ ಜುಲೈನಲ್ಲಿ ಜನಾಗ್ರಹ, ಪಬ್ಲಿಕ್ ಅಫೇರ್ಸ್ ಸೆಂಟರ್, ವಾಯ್ಸಸ್, ಅಕ್ಷರ ಫೌಂಡೇಷನ್ ಎಂಬ ನಾಲ್ಕು ಸಂಸ್ಥೆಗಳು ಕೂಡಿ ‘ಪ್ರೂಫ್’ ಎಂಬ ಆಂದೋಲನವನ್ನು ಆರಂಭಿಸಿದವು. ದೊಡ್ಡ ವ್ಯಾಪಾರ ಸಂಸ್ಥೆಗಳು ಷೇರುದಾರರಿಗೆ ಮೂರು ತಿಂಗಳಿಗೊಮ್ಮೆ ಲೆಕ್ಕ ಕೊಡುವಂತೆ ನಗರದ ನಿಜವಾದ ಒಡೆಯರಾದ ಪ್ರಜೆಗಳಿಗೆ ಪಾಲಿಕೆಯೂ ಕೊಡಲಿ ಎಂಬುದು ಅದರ ಬೇಡಿಕೆ. ಪಾಲಿಕೆಯು ಒಪ್ಪಿತು. ಅಧಿಕಾರಿಗಳು ಸಾರ್ವಜನಿಕರ ಮುಂದೆ ನಿಂತು ಮೂರು ತಿಂಗಳ ಜಮಾ ಖರ್ಚನ್ನು ವಿವರಿಸಿದರು. ಗೃಹಸ್ಥರು, ನಿವೃತ್ತ ನೌಕರರು ಎದ್ದು ಪ್ರಶ್ನೆ ಕೇಳಿದರು. ಹಣದ ಲೆಕ್ಕದ ಜೊತೆಗೆ ಪಾಲಿಕೆಯ ಶಾಲೆಗಳು ಮೊದಲಾದವುಗಳ ಕಾರ್ಯದ ಲೆಕ್ಕವೂ ಬೇಕೆಂಬುದು ಆಂದೋಲನದ ವಿಶೇಷವಾಗಿತ್ತು. ಕೆಲವು ವರ್ಷಗಳ ತರುವಾಯ ಆ ಸಭೆಗಳು ನಿಂತುಹೋದವು. ಕಾನೂನಿನ ಬೇರಿಲ್ಲದೆ ಒಳ್ಳೆಯ ಮನಸ್ಸಿನ ಮೇಲೆ ಮಾತ್ರ ನಿಂತ ಪದ್ಧತಿಯು ಮನಸ್ಸುಗಳು ಬದಲಾದಾಗ ಒಣಗುತ್ತದೆ.

ಆಮೇಲೆ ಕಾನೂನುಗಳೇನೋ ಬಂದವು. 2005ರಲ್ಲಿ ಮಾಹಿತಿ ಹಕ್ಕು ಅಧಿನಿಯಮ ಬಂದಿತು. 2006ರ ಕರ್ನಾಟಕ ಪುರಸಭೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳು ಜೋಡಿ ನಮೂದಿನ ಪದ್ಧತಿಯನ್ನು ರಾಜ್ಯದ ಇತರ ಪಟ್ಟಣಗಳಿಗೂ ವಿಸ್ತರಿಸಿದವು. ಹದಿನೈದನೆಯ ಹಣಕಾಸು ಆಯೋಗವು ಲೆಕ್ಕಪತ್ರಗಳನ್ನು ಸಾರ್ವಜನಿಕವಾಗಿ ಪ್ರಕಟಿಸದ ಸ್ಥಳೀಯ ಸಂಸ್ಥೆಗಳಿಗೆ ಅನುದಾನವಿಲ್ಲವೆಂಬ ಷರತ್ತನ್ನು ವಿಧಿಸಿತು. ಆದರೆ ಪ್ರಕಟಣೆ ಬೇರೆ, ನಿವೇದನೆ ಬೇರೆ. ನೂರಾರು ಪುಟಗಳ ಅಂಕಿಗಳನ್ನು ಕಂಪ್ಯೂಟರಿನಲ್ಲಿ ಇಟ್ಟರೆ ದೆಹಲಿಯ ಷರತ್ತು ಈಡೇರಬಹುದು. ಗೊರಗುಂಟೆಪಾಳ್ಯದ ತಾಯಿಗೆ ತನ್ನ ಬೀದಿಯ ಚರಂಡಿಗೆ ಎಷ್ಟು ಖರ್ಚಾಯಿತೆಂಬುದು ಅದರಿಂದ ತಿಳಿಯಲಾರದು.

ಈ ವಿಷಯದಲ್ಲಿ ನಮ್ಮ ಹಳ್ಳಿಗಳೇ ನಗರಕ್ಕಿಂತ ಮುಂದಿವೆ ಎಂಬುದನ್ನು ಹೇಳಲು ನಮಗೆ ಸಂತೋಷವಾಗುತ್ತದೆ. ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ, ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಅವಧಿಯಲ್ಲಿ, ‘ಜಮಾಬಂದಿ’ ನಡೆಯಬೇಕೆಂಬ ನಿಯಮವಿದೆ. ಅಂದು ಪಂಚಾಯಿತಿಯ ಪುಸ್ತಕಗಳನ್ನು ಜನರೆದುರು ತೆರೆದಿಡಬೇಕು, ಹಿಂದಿನ ವರ್ಷದ ಜಮಾ ಖರ್ಚನ್ನು ತಿಳಿಸಬೇಕು, ಕಾಮಗಾರಿಗಳನ್ನು ಪರಿಶೀಲಿಸಬೇಕು. ಎಲ್ಲ ಕಡೆಯೂ ಇದು ಶಾಸ್ತ್ರೋಕ್ತವಾಗಿ ನಡೆಯುತ್ತದೆಂದು ನಾವು ಹೇಳಲಾರೆವು. ಆದರೂ “ಪುಸ್ತಕ ತೆರೆಯಿರಿ” ಎಂದು ಕೇಳಲು ಹಳ್ಳಿಯ ರೈತನಿಗೆ ಒಂದು ನಿಶ್ಚಿತ ದಿನವಿದೆ. ಹಳ್ಳಿಯಾಗಿದ್ದ ಪಾಳ್ಯವು ಪಟ್ಟಣದ ಭಾಗವಾದಾಗ ಮೆಟ್ರೋ ಬಂದಿತು, ಮೇಲ್ಸೇತುವೆ ಬಂದಿತು. ಜಮಾಬಂದಿಯ ಆ ದಿನ ಮಾತ್ರ ಬರಲಿಲ್ಲ.

ನಗರದಲ್ಲಿ ಪ್ರಶ್ನೆ ಕೇಳಬೇಕಾದವರು ನಮ್ಮ ಚುನಾಯಿತ ಸದಸ್ಯರು. ಆದರೆ ಬೆಂಗಳೂರಿನ ಪಾಲಿಕೆ ಸದಸ್ಯರ ಅವಧಿಯು 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. 2021-22ರಿಂದ 2025-26ರವರೆಗಿನ ಐದು ಆಯವ್ಯಯಗಳು ಚುನಾಯಿತ ಸಭೆಯಿಲ್ಲದೆಯೇ ಸಿದ್ಧಗೊಂಡವು. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ಒಂದು ಮನೆಯ ಆಸ್ತಿ ಐದು ಪಾಲಾಗುವಾಗ ಹಿರಿಯರು ಮೊದಲು ಮಾಡುವ ಕೆಲಸವೆಂದರೆ ಹಳೆಯ ಸಾಲ, ಹಳೆಯ ಬಾಕಿ, ಹಳೆಯ ಬಂಗಾರಗಳ ಪಟ್ಟಿಯನ್ನು ಎಲ್ಲರ ಮುಂದೆ ಓದುವುದು. ಆದುದರಿಂದ ಹಿಂದಿನ ಪಾಲಿಕೆಯ ಬಾಕಿಗಳು ಯಾರ ಪಾಲಿಗೆ ಎಷ್ಟು ಬಂದವೆಂದು ಕೇಳಲು ಇದಕ್ಕಿಂತ ತಕ್ಕ ಕಾಲ ಬೇರೊಂದಿಲ್ಲ.

ಸಾರ್ವಜನಿಕ ಹಣವನ್ನು ಕುರಿತು ಮಾತನಾಡುವಾಗ ಬಸವಣ್ಣನವರ ಜೀವನದ ಒಂದು ಪ್ರಸಂಗವು ನಮ್ಮ ಕಣ್ಣ ಮುಂದೆ ನಿಲ್ಲುತ್ತದೆ. ರಾಜನ ಬೊಕ್ಕಸದ ಹಣವನ್ನು ಜಂಗಮ ದಾಸೋಹಕ್ಕೆ ಬಳಸುತ್ತಿದ್ದಾರೆಂದು ಚಾಡಿಕೋರರು ಬಿಜ್ಜಳನಲ್ಲಿ ದೂರಿದ ಕಥೆಯನ್ನು ಪುರಾಣಗಳಿಂದ ನಾವೆಲ್ಲರೂ ಕೇಳಿ ಬಲ್ಲೆವು. ಭಂಡಾರವನ್ನು ತೆರೆದು ಎಣಿಸಿದಾಗ ಒಂದು ಹಣವೂ ಕಡಿಮೆಯಾಗಿರಲಿಲ್ಲ. ಇದನ್ನು ನಾವು ಪವಾಡವೆಂದು ಕೈಮುಗಿದು ಮುಂದೆ ಹೋಗುತ್ತೇವೆ. ಆದರೆ ಪ್ರಸಂಗದಲ್ಲಿ ಇನ್ನೊಂದು ಪಾಠವೂ ಇದೆ. ಅವರು ಮಹಾಭಕ್ತರು, ರಾಜನಿಗೆ ಆಪ್ತರು. “ನನ್ನಂಥವನನ್ನೇ ಸಂದೇಹಿಸುವಿರಾ?” ಎಂದು ಮುನಿಸಿಕೊಂಡು ಬೀಗದ ಕೈಯನ್ನು ಮರೆಮಾಡಬಹುದಿತ್ತು. ಹಾಗೆ ಮಾಡದೆ ಬಾಗಿಲು ತೆರೆದರು, ಎಣಿಸಲು ಎಡೆಕೊಟ್ಟರು. ಶುದ್ಧಹಸ್ತರಿಗೆ ಎಣಿಕೆಯು ಅವಮಾನವಲ್ಲ. ಅಗತ್ಯಕ್ಕಿಂತ ಹೆಚ್ಚಾಗಿ ತಂದ ಅಕ್ಕಿಯನ್ನು ಮರಳಿ ಸುರಿದು ಬರುವಂತೆ ಪತಿಗೆ ಹೇಳಿದ ಆಯ್ದಕ್ಕಿ ಲಕ್ಕಮ್ಮನೂ ಇದೇ ಪರಂಪರೆಯ ಲೆಕ್ಕಪರಿಶೋಧಕಿ. ಬೆಂಗಳೂರು ನಗರಸಭೆಯ ಅಧ್ಯಕ್ಷರಾಗಿದ್ದ ನಮ್ಮ ಸಮಾಜದ ಹಿರಿಯರಾದ ಸರ್ ಕೆ.ಪಿ. ಪುಟ್ಟಣ್ಣ ಚೆಟ್ಟಿಯವರ ಹೆಸರು ಇಂದಿಗೂ ನಗರದ ಪುರಭವನದ ಮೇಲಿದೆ. ನಗರಾಡಳಿತವು ನಮಗೆ ಪರಕೀಯವಾದ ವಿಷಯವೇನಲ್ಲ.

ಅಂದಿನ ಗೋಷ್ಠಿಯಲ್ಲಿ ಈ ಮಾತುಗಳಲ್ಲಿ ಅನೇಕವನ್ನು ನಾವು ಉತ್ಸಾಹದಿಂದಲೇ ಹೇಳಿದೆವು. ಎಲ್ಲವನ್ನೂ ಸಮಾಧಾನದಿಂದ ಕೇಳಿದ ಆ ತಾಯಿಯವರು ಕೊನೆಗೆ, “ಒಳ್ಳೆಯದು. ಹೋದ ವರ್ಷದ ಜಯಂತಿಗೆ ಮನೆಮನೆಯಿಂದ ದಾಸೋಹದ ಕಾಣಿಕೆ ಎತ್ತಿದಿರಲ್ಲ, ಅದರ ಲೆಕ್ಕವನ್ನು ನಮ್ಮ ಸಂಘ ಯಾವಾಗ ಓದಿತು?” ಎಂದರು. ನಾವು ಮೌನವಾದೆವು. ಲೆಕ್ಕದಲ್ಲಿ ಮೋಸವಿರಲಿಲ್ಲ. ಆದರೆ ಲೆಕ್ಕವೇ ಸಿದ್ಧವಾಗಿರಲಿಲ್ಲ. ರಸೀದಿ ಪುಸ್ತಕಗಳು ಇಬ್ಬರ ಮನೆಯಲ್ಲಿದ್ದವು, ಅಡಿಗೆಯವರ ಚೀಟಿಗಳು ಮೂರನೆಯವರ ಜೇಬಿನಲ್ಲಿದ್ದವು. ಎಲ್ಲರೂ ಪರಸ್ಪರ ಬಲ್ಲವರು, ಕೇಳುವುದೇಕೆಂಬ ಭಾವ. “ಯಾರೂ ಹೇಳುವುದಿಲ್ಲ, ಕೇಳುವುದೂ ಇಲ್ಲ” ಎಂಬ ಆ ಮಗನ ಮಾತು ಪಾಲಿಕೆಗೆ ಮಾತ್ರವಲ್ಲದೆ ನಮಗೂ ಅನ್ವಯಿಸಿತ್ತು.

ಮರುವಾರದಿಂದಲೇ ನಾವು ಕುಳಿತು ಚೀಟಿಗಳನ್ನು ಜೋಡಿಸಿದೆವು. ಒಂದೆರಡು ಬಾಬುಗಳಿಗೆ ಚೀಟಿಯೇ ಸಿಗಲಿಲ್ಲ. ಅವನ್ನು “ಚೀಟಿಯಿಲ್ಲದ ಖರ್ಚು” ಎಂದೇ ಬರೆದೆವು. ಜಯಂತಿಯ ದಿನ ಪ್ರಸಾದಕ್ಕೆ ಮೊದಲು ಆ ಲೆಕ್ಕವನ್ನು ಓದಿ ಗೋಡೆಗೆ ಅಂಟಿಸಿದೆವು. ಓದುವಾಗ ನಮಗೆ ನಾಚಿಕೆಯಾದದ್ದು ನಿಜ. ಓದಿ ಮುಗಿಸಿದ ಮೇಲೆ ಹಗುರವಾದದ್ದೂ ಅಷ್ಟೇ ನಿಜ. ಆ ವರ್ಷದ ಲೆಕ್ಕವನ್ನು ಬರೆದಿಡುವ ಹೊಣೆಯನ್ನು ಸಂಘವು ಸರ್ವಾನುಮತದಿಂದ ಆ ತಾಯಿಯವರಿಗೇ ಒಪ್ಪಿಸಿತು.

ಮನೆಯೊಳಗಿನ ಕಸವನ್ನು ಗುಡಿಸಿದವರಿಗೆ ಬೀದಿಯ ಕಸವನ್ನು ಕೇಳುವ ಧೈರ್ಯ ತಾನಾಗಿ ಬರುತ್ತದೆ. ಬಂಧುಗಳು ಮಾಡಬಹುದಾದ ಕೆಲವು ಕಾರ್ಯಗಳನ್ನು ಇಲ್ಲಿ ಸೂಚಿಸುತ್ತೇವೆ. ತೆರಿಗೆಯ ರಸೀದಿಯನ್ನು ಕಟ್ಟಿಡುವ ಮುನ್ನ ಮನೆಯವರೆಲ್ಲರೂ ಒಮ್ಮೆ ಓದಿರಿ. ಯಾವ ಸಾಲು ಯಾವುದಕ್ಕೆಂದು ಮಕ್ಕಳಿಗೆ ತಿಳಿಸಿರಿ. ನಿಮ್ಮ ವಾರ್ಡಿನಲ್ಲಿ ವಾರ್ಡ್ ಸಮಿತಿಯ ಸಭೆ ನಡೆಯುತ್ತದೆಯೆ ಎಂದು ವಿಚಾರಿಸಿ, ನಡೆದರೆ ಹೋಗಿರಿ. ಅಲ್ಲಿ ಐದು ಪ್ರಶ್ನೆಗಳನ್ನು ವಿನಯದಿಂದ ಕೇಳಿರಿ: ನಮ್ಮ ವಾರ್ಡಿನಿಂದ ಬಂದ ತೆರಿಗೆ ಎಷ್ಟು? ಈ ವರ್ಷ ಯಾವ ಯಾವ ಕಾಮಗಾರಿಗಳಿಗೆ ಎಷ್ಟೆಷ್ಟು ಹಣ ಮಂಜೂರಾಯಿತು? ಕೊಟ್ಟದ್ದೆಷ್ಟು, ಕೊಡಬೇಕಾದ ಬಾಕಿಯೆಷ್ಟು? ಕೆಲಸ ಕೆಟ್ಟರೆ ಗುತ್ತಿಗೆದಾರನು ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕಾದ ಅವಧಿ ಎಲ್ಲಿಯವರೆಗೆ? ಲೆಕ್ಕಪರಿಶೋಧಕರು ಎತ್ತಿದ ಆಕ್ಷೇಪಣೆಗಳಿಗೆ ಏನು ಉತ್ತರ ಕೊಡಲಾಯಿತು?

ಉತ್ತರ ದೊರೆಯದಿದ್ದರೆ 10 ರೂಪಾಯಿ ಶುಲ್ಕದೊಡನೆ ಮಾಹಿತಿ ಹಕ್ಕಿನ ಅರ್ಜಿಯನ್ನು ಸಲ್ಲಿಸಿರಿ. ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಲಿ, 150 ಪದಗಳನ್ನು ಮೀರದಿರಲಿ. ಕರ್ನಾಟಕದ ನಿಯಮವು ಹಾಗೆ ಹೇಳುತ್ತದೆ. 30 ದಿನಗಳೊಳಗೆ ಉತ್ತರ ಕೊಡಬೇಕಾದುದು ಕಾನೂನು. ಕೇಳುವಾಗ ಕೋಪವಿರಬಾರದು, ಅಧಿಕಾರಿಯನ್ನು ಕಳ್ಳನೆಂದು ಮೊದಲೇ ತೀರ್ಮಾನಿಸಿರಬಾರದು. ಪ್ರಾಮಾಣಿಕ ಅಧಿಕಾರಿಗಳು ಅನೇಕರಿದ್ದಾರೆ. ಕೇಳುವ ಪ್ರಜೆಯೇ ಅವರ ಬಲ. ನಗರದಲ್ಲಿಯೂ ವರ್ಷಕ್ಕೊಮ್ಮೆ ವಾರ್ಡುವಾರು ಜಮಾಬಂದಿಯ ದಿನವಿರಲಿ, ಅಂದು ಆ ವಾರ್ಡಿನ ಲೆಕ್ಕವನ್ನು ಎರಡು ಪುಟಗಳ ಸರಳ ಕನ್ನಡದಲ್ಲಿ ಓದಲಿ ಎಂಬುದನ್ನು ಹೊಸ ಪಾಲಿಕೆಗಳ ಮುಂದೆ ನಾವೆಲ್ಲರೂ ಕೂಡಿ ಇಡಬೇಕಾಗಿದೆ.

ಕಾಯಕದಿಂದ ಬಂದ ಹಣವನ್ನು ದಾಸೋಹಭಾವದಿಂದ ಸಮಾಜಕ್ಕೆ ಅರ್ಪಿಸುವುದು ನಮ್ಮ ಧರ್ಮ. ತೆರಿಗೆಯೂ ಅಂತಹ ಒಂದು ಅರ್ಪಣೆಯೇ. ಅರ್ಪಿಸಿದ ಪದಾರ್ಥವು ಪ್ರಸಾದವಾಗಿ ಎಲ್ಲರ ಎಲೆಗೂ ಬಂದಿತೆ ಎಂದು ನೋಡುವುದೂ ದಾಸೋಹದ ಭಾಗವೆಂದು ನಾವು ಭಾವಿಸುತ್ತೇವೆ. ನಿಮ್ಮ ನಿಮ್ಮ ಊರಿನ, ಬಡಾವಣೆಯ, ಸಂಘದ ಲೆಕ್ಕವನ್ನು ಈ ವರ್ಷ ಒಮ್ಮೆಯಾದರೂ ಕೇಳಿರಿ, ಮತ್ತು ನಿಮ್ಮ ಕೈಯಲ್ಲಿ ಬೀಗದ ಕೈ ಇದ್ದರೆ ಯಾರೂ ಕೇಳುವ ಮೊದಲೇ ಬಾಗಿಲನ್ನು ತೆರೆಯಿರಿ.